ಬಂದವರ ನೀರು

ನಲ್ಲಿಯ ಮೇಲೆ ವಠಾರದ ಮಾಲೀಕ ನಂಜಪ್ಪ ಅಂಟಿಸಿದ್ದ ಹಾಳೆಯನ್ನು ನೋಡಬಾರದೆಂದುಕೊಂಡೇ ಹುಲಿಗೆಮ್ಮ ದಿನವೂ ಕೊಡ ಹಿಡಿದು ಹೊರಗೆ ಬರುತ್ತಿದ್ದಳು, ದಿನವೂ ನೋಡುತ್ತಿದ್ದಳು. ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿ ಕೂತ ಆ ಹಾಳೆಗೆ ಒಂಬತ್ತು ದಿನದ ಬಿಸಿಲಾಗಲೀ ನಲ್ಲಿಯ ಸಿಡಿತವಾಗಲೀ ಏನೂ ಮಾಡಿರಲಿಲ್ಲ. ಮೇಲೆ ಕಾಲೇಜಿನ ಹೆಸರು, ನಡುವೆ ಆರು ಸಾಲು, ಆರು ಮನೆಯ ನಂಬರು, ಕೊನೆಯಲ್ಲಿ ದಪ್ಪ ಅಕ್ಷರದ ‘ಕುಡಿಯಲು ಯೋಗ್ಯ’. ಅದರ ಕೆಳಗೆ ನಂಜಪ್ಪ ತಾನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದ. ಆ ನಂಬರುಗಳನ್ನು ಬಾಟಲಿಗಳ ಮೇಲೆ ಬರೆದವಳು ಅವಳೇ. ಹಾಳೆಯಲ್ಲಿ ಅಚ್ಚಾಗಿದ್ದರೂ ಅವು ತನ್ನ ಕೈಬರಹದಂತೆಯೇ ಕಾಣುತ್ತಿದ್ದವು, ಎರಡರ ಬಾಲ ಸ್ವಲ್ಪ ಉದ್ದ, ಐದರ ಹೊಟ್ಟೆ ದಪ್ಪ. ಬೆಳಗಿನ ಐದೂವರೆಗೆ ಮೋಟರು ಗುರುಗುಟ್ಟಿ, ಪೈಪಿನೊಳಗಿನ ಗಾಳಿ ಮೊದಲು ಕೆಮ್ಮಿ, ಆಮೇಲೆ ನೀರು ಬರುತ್ತಿತ್ತು.

ಮುಂದೆ ಮಹಾದೇವಿ ನಿಂತಿದ್ದಳು, ಸೊಂಟದ ಮೇಲೆ ಏಳು ತಿಂಗಳ ಕೂಸು, ಕೈಯಲ್ಲಿ ಸ್ಟೀಲಿನ ಬಿಂದಿಗೆ. ವಠಾರದ ಪಕ್ಕದ ಕೋಣೆಯವಳು. ನಡುವೆ ಇದ್ದದ್ದು ಒಂದಿಟ್ಟಿಗೆಯ ಗೋಡೆ, ಅವಳ ಒಗ್ಗರಣೆಗೆ ಇವಳು ಸೀನಬೇಕು. ಇಬ್ಬರದೂ ಕೊಪ್ಪಳದ ಕಡೆಯ ಊರು, ಆದ್ದರಿಂದ ಮಹಾದೇವಿಗೆ ಇವಳ ಮೇಲೆ ತಂಗಿಯ ಹಕ್ಕು.

“ಯಾಕ ಹುಲಿಗೀ, ನಿಂತಲ್ಲೇ ನಿದ್ದಿ ಮಾಡಾಕತ್ತಿ ಏನು? ಕೊಡ ಒಡ್ಡು, ನೀರು ನಿಂತ ಹೋದೀತು.”

“ಅಕ್ಕಾ...”

“ಏನು?”

“ಏನಿಲ್ಲ. ಕೂಸಿನ ನೆಗಡಿ ಹೋತೇನು?”

“ನೆಗಡಿ ಹೋತು, ಈಗ ಮೈಮ್ಯಾಲೆ ಗುಳ್ಳಿ ಎದ್ದಾವು. ಸೆಕಿ, ಮತ್ತೇನು.” ಮಹಾದೇವಿ ಬಿಂದಿಗೆಯನ್ನು ಒಂದೇ ಕೈಯಲ್ಲಿ ಎತ್ತಿದಳು. “ಇವರಪ್ಪಗ ಕ್ಯಾನ್ ಹೊರೂದು ತಪ್ಪಿತು ನೋಡು. ಆ ಕಾಲೇಜ್ ಹುಡುಗಿ ಹೊಟ್ಟಿ ತಣ್ಣಗಿರ್ಲಿ. ನೀನ ಇನ್ನೂ ಕ್ಯಾನ್ ತರತೀ ಅಂತಲ್ಲ, ನಿಮ್ಮಪ್ಪ ಹೇಳ್ತಿದ್ದ. ಏನವಾ, ನಾಲಿಗಿ ಭಾಳ ಮ್ಯಾಲಿಂದಾತೇನು?”

ಹುಲಿಗೆಮ್ಮ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕ ಹಾಗೆ ಮಾಡಿದಳು. ಅವಳು ನಗುವುದೇ ಹಾಗೆ, ಮಾತಾಡುವುದೂ ಹಾಗೆ. ಬೆರಳುಗಳ ಹಿಂದಿನಿಂದ ಬಂದ ಮಾತು ಅರ್ಧ ಅವಳಿಗೇ ಉಳಿದುಬಿಡುತ್ತಿತ್ತು. ಕೂಸು ಸೊಂಟದಿಂದ ಬಾಗಿ ನೀರಿನ ಧಾರೆಗೆ ಕೈ ಒಡ್ಡಿತು, ಒದ್ದೆಯಾದ ಕೈಯನ್ನು ಹಾಗೆಯೇ ಬಾಯಿಗೆ ಹಾಕಿಕೊಂಡಿತು. ಈಗ, ಈಗಲೇ ಹೇಳಬೇಕು ಅಂದುಕೊಂಡಳು. ಒಂಬತ್ತು ದಿನದಿಂದಲೂ ಈಗಲೇ ಆಗಿತ್ತು. ಮಹಾದೇವಿ ಬಿಂದಿಗೆ ಹೊತ್ತು ತನ್ನ ಬಾಗಿಲು ದಾಟಿ ಹೋಗುವವರೆಗೆ ಅವಳ ಕೊಡ ತುಂಬಿ, ಉಕ್ಕಿ, ಕಾಲ ಮೇಲೆ ಹರಿದು, ಚಪ್ಪಲಿಯೊಳಗೆ ತಣ್ಣಗೆ ಇಳಿಯಿತು.

ಅವ್ವನ ಮನೆಯಲ್ಲಿ ಎರಡು ನೀರು ಇದ್ದವು. ಒಂದು ಬೋರಿನ ನೀರು, ಮನೆಯ ಮುಂದೆಯೇ ಕೈಪಂಪು, ಹೊಡೆದಷ್ಟೂ ಬರುವ ಸ್ಫಟಿಕದಂಥ ನೀರು. ಇನ್ನೊಂದು ಎರಡು ಮೈಲಿ ಆಚೆಯ ಕೆರೆಬಾವಿಯಿಂದ ಹೊತ್ತು ತಂದ ಸಿಹಿನೀರು, ಕದಡಿದ ನೀರು, ಬಟ್ಟೆ ಕಟ್ಟಿ ಸೋಸಬೇಕು. ಅದನ್ನು ಒಂದು ಸಣ್ಣ ತಾಮ್ರದ ಕೊಡದಲ್ಲಿ ಮೂಲೆಯಲ್ಲಿ ಇಟ್ಟಿರುತ್ತಿದ್ದಳು. ಬಂದವರ ಕೊಡ. ಮನೆಯವರು ಮುಟ್ಟುವಂತಿಲ್ಲ. ಜ್ವರ ಬಂದಾಗ ಒಮ್ಮೆ ಹುಲಿಗೆಮ್ಮ ಅದರಿಂದ ಒಂದು ಲೋಟ ಕದ್ದು ಕುಡಿದು ಸಿಕ್ಕಿಬಿದ್ದಿದ್ದಳು. ಅವ್ವ ಸಿದ್ದಕ್ಕ ಹೊಡೆಯಲಿಲ್ಲ, ಕೊಡದ ಮೇಲೆ ಮುಚ್ಚಳ ಇಟ್ಟು, “ನೀರು ಕೇಳಿದವರಿಗೆ ಛಲೋ ನೀರು ಕೊಡಬೇಕವಾ. ನಾವು ಹೆಂಗರ ಇರ್ತೀವಿ,” ಅಂದಿದ್ದಳಷ್ಟೆ. ನಾವು ಹೇಗೋ ಇದ್ದೆವು. ಅವ್ವನ ಮೊಣಕಾಲು ಮಡಚದಾದವು, ಬೆನ್ನು ಮೊದಲು ಬಾಗಿತು, ಆಮೇಲೆ ಬಾಗಿದಲ್ಲೇ ಕಟ್ಟಿಗೆಯಾಯಿತು. ಮಲಗಿಸಿದರೂ ನೇರವಾಗದ ದೇಹವನ್ನು ಕೂರಿಸಿಯೇ ಒಯ್ದರು. ಹುಲಿಗೆಮ್ಮನ ಹಲ್ಲುಗಳಿಗೆ ಕಂದು ಪಟ್ಟೆ ಬಂತು, ಸುಟ್ಟ ರೊಟ್ಟಿಯ ಮೇಲಿನ ಕಲೆಗಳ ಹಾಗೆ. ಎಂಟನೆಯ ತರಗತಿಯಲ್ಲಿ ಶಾಲೆಗೆ ನೀರಿನ ಫ್ಲೋರೈಡ್ ನೋಡುವವರು ಯಾರೋ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿದರು. ಅವಳ ಮುಂದೆ ನಿಂತವರು ತುಂಬ ಹೊತ್ತು ನಿಂತರು. “ಇದು ಒಳ್ಳೆ ಕೇಸು,” ಅಂದರು. ತುಟಿಗಳನ್ನು ಇಬ್ಬರು ಎರಡು ಕಡೆ ಎಳೆದು ಹಿಡಿದರು, ಮೂರನೆಯವರು ಫೋಟೋ ತೆಗೆದರು. ಮುಂದಿನ ತಿಂಗಳು ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಆ ಬಾಯಿ ಇತ್ತು, ಮುಖವಿಲ್ಲದ ಬರಿಯ ಬಾಯಿ. ಮುಖ ಹಾಕಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಅಂತ ಮೇಷ್ಟ್ರು ಅಂದರು. ಎಲ್ಲರಿಗೂ ಗೊತ್ತಾಯಿತು. ಅವಳು ಮತ್ತೆ ಶಾಲೆಗೆ ಹೋಗಲಿಲ್ಲ.

ಕಾಲೇಜಿನ ಹುಡುಗಿ ಕೃಪಾ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಜೊತೆಗೆ ಸಿದ್ಧಾರ್ಥ್ ಅನ್ನುವ ಎತ್ತರದ ಹುಡುಗ. ಇಬ್ಬರ ಎದೆಯ ಮೇಲೂ ಎನ್ನೆಸ್ಸೆಸ್ಸಿನ ಬ್ಯಾಡ್ಜು. ಪೀಣ್ಯದ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಕಾರ್ಖಾನೆಯ ನೀರು ಸೇರಿದೆಯೋ ಇಲ್ಲವೋ ನೋಡುವುದು ಅವರ ವರ್ಷದ ಕೆಲಸವಂತೆ. ವಠಾರದಲ್ಲಿ ಆಗ ಮನೆಯಲ್ಲಿದ್ದವಳು ಹುಲಿಗೆಮ್ಮ ಒಬ್ಬಳೇ, ಅವಳಿಗೆ ಅವತ್ತು ವಾರದ ರಜೆ, ಮಹಾದೇವಿ ಕೂಸನ್ನು ಆಸ್ಪತ್ರೆಗೆ ಒಯ್ದಿದ್ದಳು. ಕೃಪಾ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟಳು, ಒಳಗೆ ಬಂದು ನೆಲದ ಮೇಲೆ ಕೂತಳು. ಅಷ್ಟೇ ಸಾಕಾಗಿತ್ತು ಹುಲಿಗೆಮ್ಮನಿಗೆ ಅವಳನ್ನು ನಂಬಲು. “ನಿಮ್ ನೀರು ಬೆಳಿಗ್ಗೆ ಐದೂವರೆಗೆ ಬರುತ್ತಂತೆ ಅಕ್ಕ, ನಮ್ ಹಾಸ್ಟೆಲ್ ಗೇಟ್ ತೆಗೆಯೋದೇ ಆರಕ್ಕೆ. ನೀವೇ ಸ್ವಲ್ಪ ತುಂಬಿಸಿ ಇಡ್ತೀರಾ? ಮುಚ್ಚಳದ ಒಳಗೆ ಕೈ ಮುಟ್ಟಿಸ್ಬೇಡಿ, ತುಂಬಿದ ಮೇಲೆ ತೆಗೀಬೇಡಿ, ಅಷ್ಟೆ.” ಆರು ಮನೆಗೆ ಆರು ಬಾಟಲಿ, ಒಂದು ಒಡೆದರೆ ಇರಲಿ ಅಂತ ಏಳನೆಯದು. ಹೋಗುವಾಗ ಕುಡಿಯಲು ನೀರು ಕೇಳಿದಳು. ಹುಲಿಗೆಮ್ಮ ಕ್ಯಾನಿನಿಂದ ಬಗ್ಗಿಸಿ ಕೊಟ್ಟಳು. ಕೃಪಾ ಗಟಗಟನೆ ಕುಡಿದು, ಲೋಟ ತೊಳೆದು ಇಡಲು ಎದ್ದಳು. ಆ ಹುಡುಗ ಬಾಗಿಲಲ್ಲೇ ನಿಂತು, “ಮಗಾ ಬೇಗ, ಇನ್ನೂ ನಾಲ್ಕು ಬೀದಿ ಇದೆ,” ಅನ್ನುತ್ತಿದ್ದ.

ಮರುದಿನ ಹುಲಿಗೆಮ್ಮ ಮೊದಲ ಬಾಟಲಿಯನ್ನು ನಲ್ಲಿಯಿಂದಲೇ ತುಂಬಿದ್ದಳು. ಇದು ನಿಜ. ಇದನ್ನು ಅವಳು ತನಗೆ ತಾನೇ ದಿನಕ್ಕೆ ಎಷ್ಟು ಸಲ ಹೇಳಿಕೊಂಡಿದ್ದಾಳೋ. ತುಂಬಿ ಬಲ್ಬಿನ ಎದುರು ಹಿಡಿದಳು. ಸ್ಟೀಲಿನ ಬಿಂದಿಗೆಯಲ್ಲಿ, ಅಲ್ಯೂಮಿನಿಯಂ ತಪ್ಪಲೆಯಲ್ಲಿ ಎಂದೂ ಕಾಣದ ಬಣ್ಣ ಆ ಪಾರದರ್ಶಕ ಬಾಟಲಿಯೊಳಗೆ ಕಂಡಿತು. ಹಳದಿ ಅನ್ನುವಷ್ಟೂ ಅಲ್ಲ, ಅರಿಶಿನ ಅರೆದ ಕಲ್ಲನ್ನು ಮೂರನೆಯ ಸಲ ತೊಳೆದ ನೀರಿನಷ್ಟು. ಬೇರೆಯವರಾಗಿದ್ದರೆ ಮಣ್ಣು ಅನ್ನುತ್ತಿದ್ದರು. ಅವಳಿಗೆ ಆ ಹಳದಿ ಗೊತ್ತಿತ್ತು. ಅವಳು ಕೆಲಸ ಮಾಡುತ್ತಿದ್ದದ್ದು ಪೀಣ್ಯದ ಒಳರಸ್ತೆಯ ಒಂದು ಸಣ್ಣ ಪ್ಲೇಟಿಂಗ್ ಶೆಡ್ಡಿನಲ್ಲಿ, ಬಾಗಿಲ ಹಿಡಿಕೆಗಳಿಗೆ ಹೊಳಪು ಕಟ್ಟುವ ಕಡೆ. ಹೊಳಪು ಕಟ್ಟಿದ ಮೇಲೆ ಚುಕ್ಕೆ, ಗೀರು ಇದೆಯೇ ಅಂತ ನೋಡಿ ಬೇರೆ ಮಾಡುವುದು ಅವಳ ಕೆಲಸ. ದಿನಕ್ಕೆ ಸಾವಿರಾರು ಹಿಡಿಕೆ, ಒಂದೊಂದರಲ್ಲೂ ಅವಳ ಸೊಟ್ಟ ಮುಖ, ಬಾಯಿ ಮುಚ್ಚಿದ ಮುಖ. ಆಚೆ ಗೋಡೆಯ ಬದಿಯಲ್ಲಿ ತೊಟ್ಟಿಗಳು, ಒಳಗೆ ಹೊಳಪು ಕಟ್ಟುವ ಹಳದಿ ರಾಸಾಯನಿಕ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ, ನೆಲವೇ ಕುಡಿಯುತ್ತಿತ್ತು. ಆ ತೊಟ್ಟಿಯ ಹಳದಿ, ಸಾವಿರ ಪಾಲು ತೆಳುವಾಗಿ, ಅವಳ ಅಂಗೈಯಲ್ಲಿ ನಿಂತಿತ್ತು. ಹಿಂದೊಮ್ಮೆ ಯಾರೋ ಅಧಿಕಾರಿಗಳು ಬಂದು ಹೋದ ಮೇಲೆ ಕರೆಂಟು ಕಿತ್ತು ಮೂರು ವಾರ ಶೆಡ್ಡು ಮುಚ್ಚಿತ್ತು. ತೆರೆದ ದಿನ ಸೂಪರ್‌ವೈಸರ್ ಮುನಿಕೃಷ್ಣ ಹೆಂಗಸರನ್ನೆಲ್ಲ ನಿಲ್ಲಿಸಿ, “ನೀರು ಗೀರು ಅಂತ ಯಾರಾದ್ರೂ ಕೇಳ್ಕೊಂಡು ಬಂದ್ರೆ ಗೊತ್ತಿಲ್ಲ ಅನ್ಬೇಕು, ತಿಳೀತಾ? ಏ ಹುಲಿ, ನೀನಂತೂ ಬಾಯೇ ಬಿಡಲ್ಲ, ನಿನ್ ಬಗ್ಗೆ ನಂಗೆ ಭಯ ಇಲ್ಲ ಬಿಡು,” ಅಂದು ನಗಿಸಿದ್ದ.

ಅವಳು ಬಾಟಲಿಯ ನೀರನ್ನು ಚೆಲ್ಲಿದಳು. ಕ್ಯಾನಿನ ಕೆಳಗೆ ಕೂತು ಆರನ್ನೂ ತುಂಬಿಸಿದಳು. ಒಂದು ಹನಿ ಆಚೆ ಬೀಳದ ಹಾಗೆ, ಮುಚ್ಚಳದೊಳಗೆ ಬೆರಳು ತಾಕದ ಹಾಗೆ, ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಮಾಡಿದಳು. ಆಮೇಲೆ ನಂಬರು ಬರೆದಳು. ಏಳು ಗಂಟೆಗೆ ಬಂದ ಕೃಪಾ ಬೆಳಕಿಗೆ ಹಿಡಿದು, “ವಾವ್, ಎಷ್ಟು ಕ್ಲಿಯರ್ ಆಗಿದೆ!” ಅಂದಾಗ ಹುಲಿಗೆಮ್ಮನ ಎದೆಯಲ್ಲಿ ಎದ್ದದ್ದು ಭಯವಲ್ಲ, ಒಂದು ಥರದ ಹೆಮ್ಮೆ. ಬಂದವರಿಗೆ ಒಳ್ಳೆಯ ನೀರು ಕೊಟ್ಟ ಮನೆಯವಳ ಹೆಮ್ಮೆ. ಅದೇ ಅವಳನ್ನು ಈಗ ಹೆಚ್ಚು ಕಾಡುವುದು. ಯಾಕೆ ಹಾಗೆ ಮಾಡಿದೆ ಅಂತ ಕೇಳಿಕೊಂಡರೆ ಒಮ್ಮೆ ಅವ್ವ ಉತ್ತರ ಕೊಡುತ್ತಾಳೆ, ಒಮ್ಮೆ ಮುನಿಕೃಷ್ಣ, ಇನ್ನೊಮ್ಮೆ ಗೋಡೆಯ ಮೇಲಿನ ಆ ಬಾಯಿ. ಆ ಹಳದಿ ನೀರನ್ನು ಕೃಪಾ ಎತ್ತಿ ಹಿಡಿದು ನೋಡುವುದು, ‘ಇದು ಒಳ್ಳೆ ಕೇಸು’ ಅನ್ನುವುದು, ಅದನ್ನು ಅವಳಿಂದ ನೆನೆಸಲೂ ಆಗಿರಲಿಲ್ಲ. ಮೂವರಲ್ಲಿ ನಿಜ ಹೇಳುವವರು ಯಾರೋ ಗೊತ್ತಾಗದೆ ಅವಳು ಏಳನೆಯ ಬಾಟಲಿಯನ್ನು ಅವ್ವನ ಫೋಟೋದ ಪಕ್ಕದ ಗೂಡಿನಲ್ಲಿ ಇಟ್ಟಿದ್ದಳು. ಖಾಲಿ ಬಾಟಲಿ. ಅಡುಗೆ ಮಾಡುವಾಗ, ತಲೆ ಬಾಚುವಾಗ ಬೆನ್ನಿಗೆ ಅದರ ಕಣ್ಣು ತಾಕುತ್ತಿತ್ತು.

“ಏನಮ್ಮಿ ಉಲಿಗೆಮ್ಮ, ಇನ್ನೂ ನಲ್ಲಿ ಮುಂದೆ ನಿಂತಿದ್ದೀಯ?” ನಂಜಪ್ಪ ಮೋಟರು ಆರಿಸಲು ಬಂದಿದ್ದ, ಹೆಗಲ ಮೇಲೆ ಟವೆಲು, ಕೈಯಲ್ಲಿ ಬೇವಿನ ಕಡ್ಡಿ. ಈ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ರಾಗಿಹೊಲ. “ನಮ್ಮಪ್ಪ ಕೊರೆಸಿದ್ ಬೋರು ಕಣಮ್ಮಿ ಇದು. ನೀರು ಬಿದ್ದ್ ದಿನ ಊರಿಗೆಲ್ಲ ಪಾನಕ ಅಂಚಿದ್ದ. ನಾನು ಯೋಳಿದ್ರೆ ಈ ಬಾಡಿಗೆಯೋರು ನಂಬ್ತಿರ್ಲಿಲ್ಲ, ಈಗ ಕಾಲೇಜೋರು ಬರ್ದು ಕೊಟ್ಟವ್ರೆ. ಎಲ್ಲ ನಿನ್ ಕೈಗುಣ.” ಅವನು ಹಾಳೆಯ ಕವರನ್ನು ಟವೆಲಿನಿಂದ ಒರೆಸಿದ. “ಇವತ್ತು ಅನ್ನೊಂದು ಗಂಟೆಗೆ ಕಾಲೇಜಲ್ಲಿ ಎಲ್ರ ಮುಂದೆ ಓದ್ತಾರಂತೆ. ಆಮ್ಯಾಕೆ ಸರ್ಕಾರಿ ಆಫೀಸಿಗೆ ಓಯ್ತದಂತೆ. ಮುಗೀತು, ನಮ್ ಬೀದಿ ಪಾಸು!”

ಅವನ ಮುಖದಲ್ಲಿ ಎಳ್ಳಷ್ಟೂ ಮೋಸವಿರಲಿಲ್ಲ. ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಅವನ ಮನೆಗೂ ಇದೇ ಬೋರಿನ ಪೈಪು ಹೋಗಿತ್ತು. ಅಪ್ಪನ ನೀರು ಅಂತ ಅವನು ಹಾಳೆ ಬರುವ ಮುಂಚೆಯೂ ಇದನ್ನೇ ಕುಡಿಯುತ್ತಿದ್ದ.

“ಒಂದ್ ನಿಮಿಷ ಬಿಡ್ರಿ, ಇನ್ನೊಂದು ತುಂಬಿಸ್ಕೊಂತೀನಿ,” ಅಂದಳು. ಒಳಗೆ ಹೋಗಿ ಏಳನೆಯ ಬಾಟಲಿ ತಂದು ನಲ್ಲಿಗೆ ಹಿಡಿದಳು. ನಂಜಪ್ಪ ಹಲ್ಲುಜ್ಜುತ್ತಾ ಬೇರೆ ಕಡೆ ನೋಡುತ್ತಿದ್ದ. ಅಪ್ಪ ನೀಲಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೊರಟಾಗ ಅವನ ಬುತ್ತಿ ಕಟ್ಟಿಕೊಟ್ಟಳು, ಅವನ ಬಾಟಲಿಗೆ ಎಂದಿನಂತೆ ಕ್ಯಾನಿನಿಂದಲೇ ತುಂಬಿಸಿಕೊಟ್ಟಳು. ಬಂದವರ ನೀರನ್ನು ಈಗ ಮನೆಯವರು ಕುಡಿಯುತ್ತಿದ್ದರು, ಮನೆಯ ನೀರನ್ನು ಪಕ್ಕದವಳ ಕೂಸು. ಹೋಗಲೋ ಬೇಡವೋ ಅನ್ನುವುದರಲ್ಲೇ ಹತ್ತು ಗಂಟೆಯಾಯಿತು. ಎರಡು ಗಂಟೆಯ ಪಾಳಿಗೆ ಇನ್ನೂ ಹೊತ್ತಿತ್ತು.

ಕಾಲೇಜಿಗೆ ಬಸ್ಸಿನಲ್ಲಿ ಹೋಗಬಹುದಿತ್ತು, ಹೆಂಗಸರಿಗೆ ಟಿಕೆಟ್ಟೂ ಇಲ್ಲ. ಆದರೆ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಕೊಂಡ ಬಸ್ಸು ಹನ್ನೊಂದಕ್ಕೆ ತಲುಪುತ್ತದೆ ಅಂತ ಯಾರೂ ಹೇಳಲಾರರು. ಆದ್ದರಿಂದ ಅವಳು ನಾಲ್ಕು ವರ್ಷ ಕೆಳಗಿನಿಂದ ನೋಡಿದ್ದ ಮೆಟ್ರೊವನ್ನು ಮೊದಲ ಸಲ ಹತ್ತಲು ನಾಗಸಂದ್ರದ ಮೆಟ್ಟಿಲೇರಿದಳು. ಎಲ್ಲರೂ ತಾವು ಏನು ಮಾಡಬೇಕೆಂದು ಗೊತ್ತಿದ್ದವರ ಹಾಗೆ ನಡೆಯುತ್ತಿದ್ದರು. ಚೀಲವನ್ನು ಯಂತ್ರದೊಳಗೆ ಬಿಟ್ಟಳು, ಅದು ಆ ಕಡೆ ಬಂದಿತು, ಅಲ್ಲಿ ಕೂತಿದ್ದ ಕಾವಲಿನ ಹೆಂಗಸು ಚೀಲದ ಬಾಯಿ ತೆರೆದು ಬಾಟಲಿಯನ್ನು ಮೇಲೆ ಎತ್ತಿದಳು. ಎಲ್ಲರೂ ನೋಡುವ ಹಾಗೆ, ಟ್ಯೂಬ್‌ಲೈಟಿನ ಎದುರು. ಹುಲಿಗೆಮ್ಮ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು.

“ಏನಮ್ಮ ಇದು?”

“ನೀರು.”

“ಜೋರಾಗಿ ಹೇಳು, ಬಾಯಿಂದ ಕೈ ತೆಗಿ. ಏನು?”

“ನೀರ್ರೀ.”

“ಈ ಕಲರ್ ನೀರಾ? ಪೆಟ್ರೋಲೋ ಥಿನ್ನರೋ ಏನು ಗೊತ್ತು ನಮಗೆ. ಒಂದು ಗುಟುಕು ಕುಡಿದು ತೋರ್ಸು, ಹೋಗು.”

“ಅದನ್ನ ತೆಗೀಬಾರ್ದ್ರೀ. ಮುಚ್ಚಳ ತೆಗೀಬಾರ್ದು ಅಂತ ಹೇಳ್ಯಾರ.”

“ಯಾರು ಹೇಳ್ಯಾರ?” ಅವಳ ಮಾತನ್ನೇ ಆಡಿದಳು ಕಾವಲಿನವಳು. ಕೆಟ್ಟತನವೇನಿರಲಿಲ್ಲ, ಬೇಸರವಾಗಿತ್ತು ಅಷ್ಟೆ. “ನೀರು ಅಂದ್ಮೇಲೆ ಕುಡಿಯೋಕೇನು ಕಷ್ಟ? ಕುಡೀತೀಯಾ, ಇಲ್ಲ ಅಲ್ಲಿ ಡಸ್ಟ್‌ಬಿನ್‌ಗೆ ಹಾಕ್ತೀಯಾ?”

ಹಿಂದೆ ಸಾಲು ಬೆಳೆಯಿತು. “ಅಕ್ಕ, ಟ್ರೈನ್ ಬಂತು, ಬೇಗ ಕುಡುದ್ಬಿಡಿ ಗುರು,” ಅಂದ ಯಾವನೋ, ನಗು ಎದ್ದಿತು. ಅವಳು ಬಾಟಲಿಯನ್ನು ತೆಗೆದುಕೊಂಡಳು. ಒಂದೇ ಬಾಟಲಿ. ಬಾಯಿ ಹಚ್ಚಿದರೆ ಕೆಡುತ್ತದೆ, ಹಚ್ಚದಿದ್ದರೆ ಕಸದ ಬುಟ್ಟಿ. ಮುಚ್ಚಳ ತಿರುಗಿಸಿ, ಅದರ ಗುಂಡಿಯಷ್ಟು ಬಟ್ಟಲಿಗೆ ಬಗ್ಗಿಸಿ, ಮೇಲಿನಿಂದ ತುಟಿಗೆ ತಾಕದ ಹಾಗೆ ಬಾಯಿಗೆ ಬಿಟ್ಟುಕೊಂಡಳು. ಅದಕ್ಕೆ ತಲೆ ಹಿಂದೆ ಮಾಡಬೇಕು, ಬಾಯಿ ಪೂರ್ತಿ ತೆರೆಯಬೇಕು. ತೆರೆದಳು. ಬೆಳಕಿನ ಕೆಳಗೆ, ಅಷ್ಟು ಜನರ ಮುಂದೆ, ತುಟಿಗಳನ್ನು ಯಾರೂ ಎರಡು ಕಡೆ ಎಳೆದು ಹಿಡಿಯದೆ. ನೀರು ನಾಲಿಗೆಯ ಮೇಲೆ ತಣ್ಣಗೆ ಕೂತಿತು. ಲೋಹದ ರುಚಿ ಬರುತ್ತದೆ, ಸುಡುತ್ತದೆ ಅಂತೆಲ್ಲ ಅಂದುಕೊಂಡಿದ್ದಳು. ಏನೂ ಇರಲಿಲ್ಲ. ಬರಿಯ ನೀರಿನ ರುಚಿ. ಅವ್ವನ ಕೈಪಂಪಿನ ನೀರಿನ ಹಾಗೆ. ಹೆದರಿಕೆಯಾದದ್ದು ಅದಕ್ಕೆ.

“ನೋಡು, ನೀರೇ ಅಲ್ವಾ,” ಅಂದಳು ಕಾವಲಿನವಳು. “ಹೋಗು ಮುಂದೆ.”

ರೈಲು ಪೀಣ್ಯದ ಮೇಲೆ ಹಾದುಹೋಗುವಾಗ ಅವಳು ಕಿಟಕಿಯ ಬದಿಗೆ ನಿಂತಿದ್ದಳು. ಮೇಲಿನಿಂದ ಎಲ್ಲವೂ ಛಾವಣಿಗಳು, ತುಕ್ಕು ಹಿಡಿದ ಶೀಟುಗಳು, ನಡುವೆ ಒಂದೊಂದು ಹೊಂಗೆ ಮರ, ಒಂದೊಂದು ಕರೆಂಟಿನ ಕಂಬ. ಇವುಗಳಲ್ಲಿ ತನ್ನ ಶೆಡ್ಡು ಯಾವುದು ಅಂತ ಹುಡುಕಿದಳು, ಸಿಗಲಿಲ್ಲ. ಎಲ್ಲವೂ ಒಂದೇ ಥರ. ನೆಲ ಎಲ್ಲಿಯೂ ಕಾಣುತ್ತಿರಲಿಲ್ಲ. ನೆಲದ ಕೆಳಗೆ ಎಲ್ಲರ ನೀರೂ ಕೈ ಹಿಡಿದುಕೊಂಡು ಕತ್ತಲಲ್ಲಿ ನಡೆಯುತ್ತಿರುವಂತೆ, ಯಾರ ಬೋರು ಯಾವುದು ಅಂತ ಅದಕ್ಕೆ ಗೊತ್ತಿಲ್ಲದಂತೆ ಅನ್ನಿಸಿತು. ಕುಡಿದ ಗುಟುಕು ಒಳಗೆ ಎಲ್ಲಿಯವರೆಗೆ ಇಳಿದಿರಬಹುದು? ಒಂದು ಮುಚ್ಚಳಕ್ಕೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕೂಸು ಒಂಬತ್ತು ದಿನ ಕುಡಿದಿದೆ. ಅದರ ಮೊದಲ ಹಲ್ಲು ಇನ್ನೂ ಒಸಡಿನೊಳಗೆ ಇದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಫೋನಿನಲ್ಲಿ ತನ್ನ ಮುಖ ನೋಡಿಕೊಂಡು ತುಟಿಗೆ ಬಣ್ಣ ತೀಡುತ್ತಿದ್ದಳು. ಹುಲಿಗೆಮ್ಮ ಚೀಲವನ್ನು ಎದೆಗೆ ಒತ್ತಿ ಹಿಡಿದಳು. ಇಳಿದು ವಾಪಸು ಹೋಗಿಬಿಟ್ಟರೆ? ಹನ್ನೊಂದು ದಾಟಿಬಿಟ್ಟರೆ ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಶೆಡ್ಡು ನಡೆಯುತ್ತದೆ, ನಂಜಪ್ಪ ಹಾಳೆಗೆ ಚೌಕಟ್ಟು ಹಾಕಿಸುತ್ತಾನೆ. ಒಂದೊಂದು ನಿಲ್ದಾಣದಲ್ಲೂ ಬಾಗಿಲು ತೆರೆದುಕೊಂಡು ಅವಳನ್ನು ಕೇಳಿ ಮುಚ್ಚಿಕೊಂಡಿತು.

ಯಶವಂತಪುರದಲ್ಲಿ ಇಳಿದು, ಎರಡು ಸಲ ದಾರಿ ತಪ್ಪಿ, ಕಾಲೇಜಿನ ಗೇಟು ಸೇರಿದಾಗ ಹನ್ನೊಂದು ದಾಟಿ ಐದು ನಿಮಿಷ. ಗೇಟಿನ ಮುದುಕ ಪುಸ್ತಕ ಮುಂದೆ ತಳ್ಳಿದ. ಹೆಸರು, ಊರು, ಬಂದ ಕಾರಣ. ಅವಳು ಕಾರಣದ ಕಡೆ ತುಂಬ ಹೊತ್ತು ಪೆನ್ನು ಹಿಡಿದು ನಿಂತು, ಕೊನೆಗೆ ‘ನೀರು’ ಅಂತ ಬರೆದಳು.

“ಕ್ಯಾನ್ ಹಾಕೋರಾ? ಹಿಂದಿನ ಗೇಟಮ್ಮ.”

“ಅಲ್ರೀ. ಕೃಪಾ ಅಂತ... ನೀರು ನೋಡೋರು.”

“ಓ, ಎನ್ನೆಸ್ಸೆಸ್ ಫಂಕ್ಷನ್ನಾ. ಸೀದಾ ಹೋಗಿ ಎಡಕ್ಕೆ. ಊಟ ಇದೆ, ಇದ್ದು ಉಂಡ್ಕೊಂಡು ಹೋಗು.”

ಉದ್ದ ಕೋಣೆ, ಕಿಟಕಿಗಳಿಗೆ ಪರದೆ, ಒಂದೈವತ್ತು ಹುಡುಗ ಹುಡುಗಿಯರು. ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಹಿಂದೆ ಮೂವರು ದೊಡ್ಡವರು, ಪ್ರತಿಯೊಬ್ಬರ ಮುಂದೆಯೂ ಅಂಗೈಯುದ್ದದ ಸೀಲು ಒಡೆಯದ ನೀರಿನ ಬಾಟಲಿ. ಗೋಡೆಯ ದೊಡ್ಡ ಬಿಳಿ ಪರದೆಯ ಮೇಲೆ ಒಂದು ಚಿತ್ರ. ಎರಡು ಕೈಗಳು, ನಡುವೆ ಆರು ಬಾಟಲಿ. ಬೆರಳುಗಳ ಸಂದಿಯಲ್ಲಿ ಪ್ಲೇಟಿಂಗಿನ ಒರಟು, ಎಡಗೈಯಲ್ಲಿ ಹಸಿರು ಬಳೆ. ತನ್ನ ಕೈಗಳೇ ಅಂತ ಗೊತ್ತಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಮುಖ ಇರಲಿಲ್ಲ. ಬಾಟಲಿ ಒಯ್ಯುವ ದಿನ ಕೃಪಾ ಫೋಟೋ ತೆಗೆಯುವಾಗ ಅವಳೇ ಬೇಡ ಅಂದಿದ್ದಳು. ಕೃಪಾ ಮೈಕಿನ ಮುಂದೆ ಸೀರೆಯುಟ್ಟು ನಿಂತು, ಓದುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು, ಬಾಗಿಲ ಕಡೆ ನೋಡಿದಳು.

“ಸರ್, ಒಂದ್ ನಿಮಿಷ! ಇವ್ರೇ ಸರ್, ಈ ಫೋಟೋದಲ್ಲಿರೋ ಅಕ್ಕ! ಬನ್ನಿ ಅಕ್ಕ, ಬನ್ನಿ ಮುಂದೆ.”

ಚಪ್ಪಾಳೆ ಎದ್ದಿತು. ಆ ಚಪ್ಪಾಳೆಯ ನಡುವೆ ಅವಳು ಮೇಜಿನವರೆಗೆ ಹೇಗೆ ನಡೆದಳೋ. ಕೃಪಾ ಓಡಿಬಂದು ಕೈ ಹಿಡಿದಳು, ಅಂಗೈಯ ಬೆವರು ಕಂಡು, “ಅಯ್ಯೋ ಎಷ್ಟು ಸುಸ್ತಾಗಿದೀರ, ಮೊದ್ಲು ನೀರು ಕುಡೀರಿ,” ಅಂತ ಮೇಜಿನ ಮೇಲಿಂದ ಒಂದು ಬಾಟಲಿ ತೆಗೆದು, ತಾನೇ ಸೀಲು ಒಡೆದು ಕೊಟ್ಟಳು. ಹುಲಿಗೆಮ್ಮ ಅದನ್ನು ಹಿಡಿದು ನಿಂತಳು. ಗಾಜಿನಂತೆ ತಿಳಿ. ಇವತ್ತು ಬಂದವಳು ತಾನು. ಮೂಲೆಯ ತಾಮ್ರದ ಕೊಡದ ಮುಚ್ಚಳ ಯಾರೋ ಸರಿಸಿದ ಸದ್ದು ಕೇಳಿದಂತಾಯಿತು. ಗಂಟಲು ಒಣಗಿತ್ತು. ಕುಡಿಯಲಿಲ್ಲ. ಅದನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು, ಚೀಲದಿಂದ ತನ್ನದನ್ನು ತೆಗೆದು ಪಕ್ಕದಲ್ಲಿ ಇಟ್ಟಳು. ಬಿಳಿಯ ಮೇಲಿನ ಹಳದಿಯನ್ನು ಯಾರಿಗೂ ತೋರಿಸಬೇಕಾಗಿರಲಿಲ್ಲ.

“ನೀವು ಅವತ್ತು ಒಯ್ದಿದ್ದು ಇಂಥಾದ್ದು,” ಅಂದಳು ತಿಳಿನೀರನ್ನು ಮುಟ್ಟಿ. “ಕ್ಯಾನಿಂದು. ನಮ್ಮ ನಳದ್ದು ಇದು.”

ಮೈಕು ಹತ್ತಿರವಿದ್ದದ್ದರಿಂದ ಸಣ್ಣ ದನಿಯೂ ಕೋಣೆಗೆಲ್ಲ ಕೇಳಿತು. ಯಾರೋ ಕುರ್ಚಿ ಎಳೆದರು.

“ಆರೂ?” ಅಂದಳು ಕೃಪಾ.

“ಆರೂ.”

ಲ್ಯಾಪ್‌ಟಾಪಿನ ಬಳಿ ಕೂತಿದ್ದ ಸಿದ್ಧಾರ್ಥ್ ಎದ್ದು ನಿಂತ. “ಅದಕ್ಕೇ ಆರೂ ಸೇಮ್ ರೀಡಿಂಗ್ ಬಂದಿತ್ತು ಕಣೇ! ನಾನ್ ಅವತ್ತೇ ಹೇಳ್ದೆ.”

“ಒಂದೇ ಬೋರು, ಇನ್ನೇನು ಬರುತ್ತೆ ಅಂದವನೂ ನೀನೇ,” ಅಂದಳು ಕೃಪಾ, ಅವನ ಕಡೆ ನೋಡದೆ. ಅವಳ ಮುಖ ಬೆಳ್ಳಗಾಗಿತ್ತು. ಮೇಜಿನ ಹಿಂದಿನಿಂದ ಶ್ರೀಧರ್ ಸರ್ ಎಂದು ಎಲ್ಲರೂ ಕರೆಯುತ್ತಿದ್ದವರು ಗಂಟಲು ಸರಿಮಾಡಿಕೊಂಡರು. “ನೋಡಮ್ಮ, ಕೂತ್ಕೋ. ಪ್ರೋಗ್ರಾಂ ಮುಗೀಲಿ. ಅತಿಥಿಗಳು ಬಂದಿದಾರೆ. ಆಮೇಲೆ ನಿಧಾನವಾಗಿ ಮಾತಾಡೋಣ.”

ಅವಳು ಕೂರಲಿಲ್ಲ. ಕೂತರೆ ಮತ್ತೆ ಏಳಲಾರಳೆಂದು ಗೊತ್ತಿತ್ತು.

“ಯಾಕಕ್ಕ?” ಅಂದಳು ಕೃಪಾ. ಕೋಪವಿರಲಿಲ್ಲ, ಅದೇ ಕಷ್ಟ. “ನಾನು ಕೇಳಿದ್ದು ಕೆಟ್ಟ ನೀರನ್ನೇ ಅಲ್ವಾ? ಯಾಕೆ?”

ಅವಳೊಳಗೆ ಮೂವರೂ ಒಟ್ಟಿಗೆ ಬಾಯಿ ತೆರೆದರು, ಅವ್ವ, ಮುನಿಕೃಷ್ಣ, ಗೋಡೆಯ ಮೇಲಿನ ಆ ಬಾಯಿ. ಅವಳು ಒಬ್ಬರನ್ನೇ ಆರಿಸಿಕೊಂಡಳು. ಅದು ಪೂರ್ತಿ ನಿಜವಲ್ಲ ಅನ್ನುವುದು ಹೇಳುವಾಗಲೇ ಅವಳಿಗೆ ಗೊತ್ತಿತ್ತು, ಉಳಿದದ್ದು ಇನ್ನು ಎಷ್ಟೋ ದಿನ ಬೆನ್ನಿಗೆ ಕಣ್ಣಿಟ್ಟು ಕೂರುತ್ತದೆ ಅನ್ನುವುದೂ. “ನೀವು ಬಂದವರಲ್ರೀ,” ಅಂದಳು. “ಬಂದವರಿಗೆ ಅಂಥಾ ನೀರು ಹೆಂಗ ಕೊಡೂದು.”

ಕೃಪಾ ಹಳದಿ ಬಾಟಲಿಯನ್ನು ಎತ್ತಿಕೊಂಡು, ಬೆಳಕಿಗೆ ಹಿಡಿಯಲು ಹೋಗಿ, ಹಿಡಿಯದೆ ಕೈ ಇಳಿಸಿದಳು. ಮುಚ್ಚಳದ ಅಂಚಿನಲ್ಲಿ ಇನ್ನೂ ಒದ್ದೆಯಿತ್ತು. “ತೆಗೆದಿದ್ರಾ ಇದನ್ನ?”

“ಮೆಟ್ರೊದಾಗ ಕುಡಿದು ತೋರಿಸು ಅಂದ್ರು. ಮುಚ್ಚಳದಾಗ ಹಾಕ್ಕೊಂಡು ಕುಡಿದೆ. ಬಾಯಿ ಹಚ್ಚಿಲ್ರೀ. ಕೆಟ್ಟಿದ್ರ ಇನ್ನೊಂದು ಬಾಟ್ಲಿ ಕೊಡ್ರಿ, ನಾಳೆ ತುಂಬಿಸಿ ತರತೀನಿ.”

“ಕುಡಿದ್ರಾ?” ಅಂದಳು ಕೃಪಾ. ಬಾಟಲಿಯನ್ನು ಮೆಲ್ಲಗೆ, ಮಲಗಿದ ಮಗುವನ್ನು ಕೊಡುವ ಹಾಗೆ, ಅವಳ ಕೈಗೇ ವಾಪಸು ಕೊಟ್ಟು, “ಒಂದ್ ನಿಮಿಷ ಹಿಡ್ಕೊಂಡಿರಿ ಅಕ್ಕ, ಐಸ್ ಬಾಕ್ಸ್ ತರ್ತೀನಿ,” ಅಂತ ಹೊರಗೆ ಓಡಿದಳು. ಸಿದ್ಧಾರ್ಥ್ ಪರದೆಯ ಮೇಲಿನ ಕೈಗಳನ್ನು ಆರಿಸಿದ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು. ಹನ್ನೊಂದೂವರೆಗೆ ಮಹಾದೇವಿ ಕೂಸಿಗೆ ಎರೆದು, ಸಾಂಬ್ರಾಣಿ ಹಾಕಿ, ರಾಗಿ ಸರಿ ತಿನ್ನಿಸಿ ಮಲಗಿಸುತ್ತಾಳೆ. ಗೋಡೆಯ ಈಚೆಯಿಂದ ದಿನವೂ ಕೇಳುತ್ತಿದ್ದ ಸದ್ದು, ಸ್ಟೀಲಿನ ಬಟ್ಟಲಿಗೆ ಚಮಚ ತಾಕುವ ಸದ್ದು. ಕಾಲೇಜಿಗೆ ಹೇಳಿದ್ದಾಯಿತು. ಇಷ್ಟು ಜನರ ಮುಂದೆ ಹೇಳುವುದು ಎಷ್ಟು ಸುಲಭವಿತ್ತು ಅನ್ನಿಸಿತು, ಇವರಾರೂ ಅದನ್ನು ಕುಡಿಯುವವರಲ್ಲ. ಹುಲಿಗೆಮ್ಮ ರವಿಕೆಯೊಳಗಿನ ಫೋನು ತೆಗೆದಳು.

ಮೂರು ಸಲ ರಿಂಗಾಯಿತು. ನಾಲ್ಕನೆಯದಕ್ಕೆ ಮಹಾದೇವಿ ಎತ್ತಿದಳು.

“ಯಾರು, ಹುಲಿಗೀ? ಎಲ್ಲಿ ಹಾಳಾಗಿ ಹೋಗಿಯವಾ, ಬಾಗಿಲಿಗೆ ಕೀಲಿ ಬಿದ್ದೈತಿ. ಲಗೂ ಹೇಳು, ಕೂಸಿಗೆ ಉಣಸಾಕತ್ತೀನಿ.” ಹಿಂದೆ ಬಟ್ಟಲು, ಚಮಚ, ಕೂಸಿನ ಗೊಣಗು, ಯಾವುದೋ ಪಾತ್ರೆಗೆ ನೀರು ಬೀಳುವ ಸದ್ದು. “ಹಲೋ? ಉಸಿರಾಡೂದು ಕೇಳಾಕತ್ತೈತಿ, ಮಾತು ಯಾಕ ಬರವಲ್ದು? ಬಾಯಿ ಬಿಡ ಹುಲಿಗೀ.”

ಕೈ ತಾನಾಗಿಯೇ ಬಾಯಿಯ ಕಡೆ ಎದ್ದಿತು. ಒಂದು ಕೈಯಲ್ಲಿ ಫೋನಿತ್ತು, ಎದ್ದ ಕೈಯಲ್ಲಿ ಬಾಟಲಿಯಿತ್ತು. ಮುಚ್ಚಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ.

“ಚೆಲ್ಲಕ್ಕಾ,” ಅಂದಳು. “ಕೈಯಾಗಿಂದು ಚೆಲ್ಲು. ಬಿಂದಿಗಿದೂ ಚೆಲ್ಲು. ಆ ಹಾಳಿ ಸುಳ್ಳು. ಸುಳ್ಳು ಮಾಡಿದಾಕಿ ನಾನು.”

ಆ ಕಡೆ ಚಮಚದ ಸದ್ದು ನಿಂತಿತು.